ಹಟ್ಟಿಯ ನಾಯಿ, ಬೇಟೆಯ ನಾಯಿ: ನೀಲಗುಂದದ ಸೀಮೆಯಲ್ಲಿ ನಾಯಿ ಸಾಕಣೆಯ ಇತಿಹಾಸ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಿಂದ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಯವರೆಗೆ ಹಬ್ಬಿರುವ ಬಯಲುಸೀಮೆಯಲ್ಲಿ ನಾಯಿ ಸಾಕಣೆ ಎರಡು ಕಸುಬುಗಳ ಬೆನ್ನಿಗೆ ಬೆಳೆದು ಬಂತು. ಒಂದು ಕುರಿ ಮೇಯಿಸುವುದು, ಇನ್ನೊಂದು ಬೇಟೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಕುರುಚಲು ಗುಡ್ಡಗಳ ನಡುವೆ ಮಳೆಯಾಧಾರದ ಹೊಲಗಳು. ಇಂಥ ನೆಲದಲ್ಲಿ ಕುರುಬರ ಹಟ್ಟಿಗೆ ತೋಳ, ಚಿರತೆಗಳ ಕಾಟ ಯಾವತ್ತಿಗೂ ಇದ್ದದ್ದೇ. ಬೇಡರ ಪಾಲಿಗೆ ಮೊಲ, ಹಂದಿ, ಜಿಂಕೆಗಳು ಊಟದ ಭಾಗವಾಗಿದ್ದವು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಯ ಪಾಳೆಯಗಾರರು ಬೇಡ ಮೂಲದವರು; ಬೇಟೆ ಅವರಿಗೆ ಹೊಟ್ಟೆಪಾಡಿನ ಜೊತೆಗೆ ಯುದ್ಧದ ತಾಲೀಮೂ ಆಗಿತ್ತು. ಹಟ್ಟಿ ಕಾಯುವ ಗಟ್ಟಿ ಮೈಯ ನಾಟಿ ನಾಯಿ, ಬೇಟೆಯ ಬೆನ್ನಟ್ಟುವ ತೆಳು ಮೈಯ ಉದ್ದ ಕಾಲಿನ ನಾಯಿ, ಇವೆರಡೂ ಈ ಸೀಮೆಗೆ ಹಳೆಯ ಪರಿಚಯ. ಎರಡನೆಯದನ್ನು ಈಗ ಎಲ್ಲರೂ ಮುಧೋಳ ನಾಯಿ ಎಂಬ ಹೆಸರಿನಿಂದ ಗುರುತಿಸುತ್ತಾರೆ.

ಕನ್ನಡ ನಾಡಿನಲ್ಲಿ ನಾಯಿಯ ಬಗ್ಗೆ ಸಿಗುವ ಅತಿ ಗೌರವದ ದಾಖಲೆ ಕಲ್ಲಿನ ಮೇಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನ ಅದು. ತಕ್ಕೋಲದ ಕಾಳಗದಲ್ಲಿ ಗಂಗರ ಎದುರಾಳಿ ಚೋಳ ರಾಜಾದಿತ್ಯ ಮಡಿದ. ಆ ಗೆಲುವಿನಲ್ಲಿ ಪಾಲಿದ್ದ ಮಣಲೇರ ಎಂಬ ವೀರನಿಗೆ ಗಂಗರ ಇಮ್ಮಡಿ ಬೂತುಗ ಬೇಕಾದ್ದನ್ನು ಬೇಡು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಸೆಣಸಿ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಹಂದಿ, ನಾಯಿಗಳ ಹೋರಾಟವನ್ನೇ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆನಾಯಿಗೆ ಆ ಕಾಲದ ವೀರರು ಕೊಡುತ್ತಿದ್ದ ಬೆಲೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನೀಲಗುಂದಕ್ಕೆ ಹತ್ತಿರದ ಇತಿಹಾಸ ಕಲ್ಯಾಣದ ಚಾಲುಕ್ಯರದು. ಊರಿನ ಭೀಮೇಶ್ವರ ದೇವಾಲಯ ಅವರ ಕಾಲದ ಶಿಲ್ಪಶೈಲಿಯದು. ಆರನೆಯ ವಿಕ್ರಮಾದಿತ್ಯನ ತಾಮ್ರಪಟಗಳೂ ಇಲ್ಲಿಂದ ದೊರೆತಿವೆ. ಅವನ ಮಗ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಪಟ್ಟಿಯಲ್ಲಿ ಸಾರಮೇಯ ವಿನೋದವೂ ಒಂದು. ಸಾರಮೇಯವೆಂದರೆ ನಾಯಿ. ಬೇಟೆನಾಯಿಗಳ ವಿಚಾರಕ್ಕೆ ಅರಸನೊಬ್ಬ ತನ್ನ ಗ್ರಂಥದಲ್ಲಿ ಪ್ರತ್ಯೇಕ ಜಾಗ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಅದೇ ರಾಜಮನೆತನದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಆಮೇಲೆ ಅಭಿನವಚಂದ್ರ ಕುದುರೆಗಳ ಚಿಕಿತ್ಸೆಯ ಮೇಲೆ ‘ಅಶ್ವವೈದ್ಯ’ ಬರೆದ. ಉಳುವ ಎತ್ತಿಗೂ ಕಾಳಗದ ಕುದುರೆಗೂ ಹೀಗೆ ಕನ್ನಡದಲ್ಲಿ ವೈದ್ಯಗ್ರಂಥಗಳಾದವು. ನಾಯಿಯ ಆರೈಕೆ ಮಾತ್ರ ಬಾಯಿಂದ ಬಾಯಿಗೆ, ಹಟ್ಟಿಯಿಂದ ಹಟ್ಟಿಗೆ ಸಾಗಿದ ತಿಳಿವಳಿಕೆಯಾಗಿಯೇ ಉಳಿಯಿತು. ಅದನ್ನು ಬಲ್ಲವರು ಬರೆಯುವವರಾಗಿರಲಿಲ್ಲ, ಬರೆಯುವವರು ನಾಯಿಯನ್ನು ಮುಟ್ಟುವವರಾಗಿರಲಿಲ್ಲ. ಈ ಸೀಮೆಯ ನಾಯಿ ಸಾಕಣೆಯ ಇತಿಹಾಸವನ್ನು ಹುಡುಕಬೇಕಾದದ್ದು ಆಚರಣೆಗಳಲ್ಲಿ, ಊಟದ ರೂಢಿಯಲ್ಲಿ, ಕೊನೆಗೆ ಆಸ್ಪತ್ರೆಯ ಚರಿತ್ರೆಯಲ್ಲಿ.

ಆಚರಣೆಯಲ್ಲಿ ನಾಯಿಗೆ ಸಿಕ್ಕ ಎತ್ತರದ ಜಾಗ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿದೆ. ತುಂಗಭದ್ರೆಯ ದಡದ ಈ ಕ್ಷೇತ್ರದ ಮೈಲಾರಲಿಂಗೇಶ್ವರ ಕುರುಬರಿಗೂ ಇತರ ಹತ್ತಾರು ಸಮುದಾಯಗಳಿಗೂ ಮನೆದೇವರು. ಮಣಿ, ಮಲ್ಲರೆಂಬ ರಕ್ಕಸರನ್ನು ಕೊಲ್ಲಲು ಶಿವ ಮಾರ್ತಾಂಡ ಭೈರವನ ರೂಪ ತಾಳಿ ಏಳು ಕೋಟಿ ದಂಡು ಕಟ್ಟಿಕೊಂಡು ಬಂದ, ಆ ದಂಡಿನಲ್ಲಿ ನಾಯಿಗಳೂ ಇದ್ದವು ಎಂಬುದು ಭಕ್ತರ ನಂಬಿಕೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರನ ದೀಕ್ಷೆ ಪಡೆದ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಭವಿಷ್ಯವಾಣಿಯಾದ ಕಾರಣಿಕವನ್ನು ನುಡಿಯುವುದನ್ನು ನಾಡೆಲ್ಲ ಕಾದು ಕೇಳುತ್ತದೆ. ಅಷ್ಟು ಸುದ್ದಿಯಾಗದ ಇನ್ನೊಂದು ಆಚರಣೆ ದೋಣಿ ತುಂಬಿಸುವುದು. ಭಕ್ತರು ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪವನ್ನು ದೋಣಿಯೆಂಬ ಪಾತ್ರೆಗೆ ಸುರಿಯುತ್ತಾರೆ. ಗೊರವರು ನಾಯಿಯಂತೆ ಬೊಗಳುತ್ತ, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ ಅದಕ್ಕೆ ಬಾಯಿ ಹಾಕಿ ತಿನ್ನುತ್ತಾರೆ. ದೇವರ ನಾಯಿ ಆಗುವುದು ಅಲ್ಲಿ ಕೀಳಲ್ಲ, ಹರಕೆ ಹೊತ್ತು ಪಡೆಯುವ ಭಾಗ್ಯ. ಈ ನಂಬಿಕೆಯ ಫಲ ಬರೀ ಜಾತ್ರೆಗೆ ಸೀಮಿತವಲ್ಲ. ಮೈಲಾರನ ಒಕ್ಕಲಿನ ಮನೆಗಳಲ್ಲಿ ನಾಯಿಯನ್ನು ಹಸಿವಿನಲ್ಲಿಟ್ಟು ಉಣ್ಣುವುದು ತಪ್ಪೆಂಬ ಭಾವನೆ ಇವತ್ತಿಗೂ ಗಟ್ಟಿಯಾಗಿದೆ.

ಹಟ್ಟಿಯ ನಾಯಿಯ ದಿನಚರಿ ಕುರಿಯ ದಿನಚರಿಗೆ ಕಟ್ಟುಬಿದ್ದದ್ದು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಮಂದೆ ಹೊಡೆದುಕೊಂಡು ಊರೂರು ತಿರುಗುತ್ತಾರೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹಿಕ್ಕೆ, ಗಂಜಲ ನೆಲಕ್ಕೆ ಗೊಬ್ಬರ. ಹೊಲದವರು ಬದಲಿಗೆ ಕಾಳು ಅಥವಾ ದುಡ್ಡು ಕೊಡುತ್ತಾರೆ. ಹಗಲು ಕುರಿಯ ಜೊತೆ ಹಲವು ಮೈಲಿ ನಡೆಯುವುದು, ರಾತ್ರಿ ಮಂದೆಯ ಸುತ್ತ ಎಚ್ಚರವಿರುವುದು ನಾಯಿಯ ಕೆಲಸ. ಮರಿಯನ್ನು ಚಿಕ್ಕಂದಿನಿಂದಲೇ ಕುರಿಮರಿಗಳ ನಡುವೆ ಬಿಟ್ಟು ಬೆಳೆಸುವುದೇ ಅದಕ್ಕೆ ಕೊಡುವ ಶಿಕ್ಷಣ. ಬೇರೆ ತಾಲೀಮು ಬೇಕಿಲ್ಲ. ಕಣ್ಣು ತೆರೆದಾಗಿನಿಂದ ಜೊತೆಗಿದ್ದ ಜೀವವನ್ನು ನಾಯಿ ತನ್ನದೆಂದೇ ಕಾಯುತ್ತದೆ. ಐರೋಪ್ಯ ಬೆಟ್ಟಗಳ ಕುರಿಗಾರರೂ ಕಾವಲುನಾಯಿಗಳನ್ನು ಇದೇ ರೀತಿ ಬೆಳೆಸುತ್ತಾರೆ.

ಊಟ ಜೋಳದ್ದು. ರೊಟ್ಟಿ, ನುಚ್ಚು, ಅಂಬಲಿ, ಮಜ್ಜಿಗೆ, ಕುರಿ ಈದಾಗ ಗಿಣ್ಣದ ಹಾಲು, ಕುರಿ ಕೊಯ್ದ ದಿನ ಮಾಂಸದ ಚೂರು. ಮಾಂಸಾಹಾರಿ ಪ್ರಾಣಿಗೆ ಜೋಳ ಹಾಕುವುದು ಬಡತನದ ಊಟವೆಂದು ಪೇಟೆಯವರು ಅಂದುಕೊಳ್ಳುವುದುಂಟು. ಆದರೆ ಸ್ವೀಡನ್ನಿನ ಸಂಶೋಧಕರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಹೆಚ್ಚು. ಮನುಷ್ಯ ಬೇಸಾಯಕ್ಕೆ ಇಳಿದ ಮೇಲೆ ಅವನ ಕಾಳನ್ನು ತಿನ್ನಬಲ್ಲ ನಾಯಿಗಳೇ ಉಳಿದು ಬಾಳಿದವು. ಹಾಗಿದ್ದರೂ ಬರೀ ರೊಟ್ಟಿ, ಮಜ್ಜಿಗೆಯಿಂದ ಬೆಳೆಯುವ ಮರಿಗೆ, ಹಾಲೂಡಿಸುವ ತಾಯಿಗೆ ಪ್ರೋಟೀನು, ಸುಣ್ಣದ ಅಂಶ ಸಾಲದು. ಮೊಟ್ಟೆ, ಬೇಯಿಸಿದ ಮಾಂಸ ಅಥವಾ ಮೀನು, ಬೇಳೆ ಸೇರಿದರೆ ಹಟ್ಟಿಯ ಊಟವೇ ಒಳ್ಳೆಯ ಊಟ.

ಈ ಸೀಮೆಯ ಬೆಳೆಗಳಿಂದ ನಾಯಿಗೆ ಎರಡು ಅಪಾಯಗಳಿವೆ. ಉಳ್ಳಾಗಡ್ಡಿ ಮೊದಲನೆಯದು. ಅದರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ಹಸಿಯಾದರೂ ಬೇಯಿಸಿದ್ದಾದರೂ ಪರಿಣಾಮ ಒಂದೇ. ಎರಡು ಮೂರು ದಿನ ಕಳೆದು ನಾಯಿ ಸುಸ್ತಾಗಿ, ವಸಡು ಬಿಳಿಚಿ, ಮೂತ್ರ ಕಂದುಬಣ್ಣಕ್ಕೆ ತಿರುಗಿದಾಗ ಹಿಂದೆ ತಿಂದ ಸಾರಿನ ನೆನಪು ಯಾರಿಗೂ ಇರುವುದಿಲ್ಲ. ಎರಡನೆಯದು ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳ. ಆಸ್ಪರ್ಜಿಲಸ್ ಶಿಲೀಂಧ್ರ ಅವುಗಳಲ್ಲಿ ಉತ್ಪಾದಿಸುವ ಅಫ್ಲಾಟಾಕ್ಸಿನ್ ಎಂಬ ವಿಷ ಗುರುತಿಗೆ ಬಂದದ್ದು 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಸಾಮೂಹಿಕವಾಗಿ ಸತ್ತ ಮೇಲೆ. ನಾಯಿಯ ಯಕೃತ್ತು ಈ ವಿಷವನ್ನು ತಡೆದುಕೊಳ್ಳುವುದು ಬಹಳ ಕಡಿಮೆ. ಮಳೆಗೆ ಸಿಕ್ಕು ಕೆಟ್ಟ ಕಾಳನ್ನು ದನಕ್ಕೆ, ನಾಯಿಗೆ ಹಾಕಿ ಮುಗಿಸುವ ರೂಢಿ ಇಲ್ಲಿ ಇದೆ. ಅದನ್ನು ಬಿಡಲೇಬೇಕು.

ಕುರಿಸೀಮೆಯ ನಾಯಿಗೆ ಅಂಟಿಕೊಂಡ ಇನ್ನೊಂದು ಕೇಡು ಹೊರಗೆ ಕಾಣುವುದೇ ಇಲ್ಲ. ಕುರಿ ಕೊಯ್ದಾಗ ಈಲಿ, ಪುಪ್ಪುಸಗಳಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ಆ ಭಾಗವನ್ನು ಕೊಯ್ದು ನಾಯಿಗೆ ಎಸೆಯುವುದು ಹಳೆಯ ವಾಡಿಕೆ. ಆ ಗುಳ್ಳೆಗಳೊಳಗೆ ಇರುವುದು ಎಕೈನೋಕಾಕಸ್ ಎಂಬ ಲಾಡಿಹುಳದ ಮರಿರೂಪ. ನಾಯಿಯ ಕರುಳು ಸೇರಿದ ಮೇಲೆ ಅದು ಕೆಲವೇ ಮಿಲಿಮೀಟರ್ ಉದ್ದದ ಹುಳವಾಗಿ ಬೆಳೆದು ಮೊಟ್ಟೆ ಇಡುತ್ತದೆ. ನಾಯಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಅದರ ಮಲದೊಂದಿಗೆ ಬಿದ್ದ ಮೊಟ್ಟೆ ಹುಲ್ಲಿನ ಮೂಲಕ ಮತ್ತೆ ಕುರಿಗೆ, ಕೈಯ ಮೂಲಕ ಮನುಷ್ಯರಿಗೆ ಸೇರುತ್ತದೆ. ಮನುಷ್ಯರ ಯಕೃತ್ತು, ಶ್ವಾಸಕೋಶಗಳಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಗುಳ್ಳೆಯನ್ನು ಹಲವು ಬಾರಿ ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆಯಬೇಕಾಗುತ್ತದೆ. ಕುರಿಯ ತಲೆಯ ವಿಚಾರವೂ ಹೀಗೆಯೇ. ಒಂದೇ ಕಡೆಗೆ ಸುತ್ತು ಹಾಕುತ್ತ ಬಡಕಲಾಗಿ ಸಾಯುವ ಕುರಿಯ ಮಿದುಳಿನಲ್ಲಿ ಇನ್ನೊಂದು ಲಾಡಿಹುಳದ ಗುಳ್ಳೆ ಇರುತ್ತದೆ. ಆ ತಲೆಯನ್ನು ನಾಯಿ ತಿಂದರೆ ಮುಂದಿನ ವರ್ಷ ಅದೇ ಮಂದೆಯ ಬೇರೆ ಕುರಿಗಳು ಸುತ್ತು ಹಾಕಲು ಶುರುಮಾಡುತ್ತವೆ.

ಈ ಚಕ್ರವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ವಿಜ್ಞಾನಿಗಳು ನಾಯಿಗೆ ಗುಳ್ಳೆಗಳನ್ನು ತಿನ್ನಿಸಿ ನೋಡಿ ಕಂಡುಹಿಡಿದರು. ಕುರಿಯನ್ನೇ ನಂಬಿದ ಐಸ್‌ಲೆಂಡಿನಲ್ಲಿ ಆಗ ಈ ರೋಗ ಮನೆಮನೆಯದಾಗಿತ್ತು. ಹರಾಲ್ಡ್ ಕ್ರಾಬೆ ಎಂಬ ವೈದ್ಯವಿಜ್ಞಾನಿ 1860ರ ದಶಕದಲ್ಲಿ ಬರೆದ ಕಿರುಹೊತ್ತಿಗೆಯನ್ನು ಅಲ್ಲಿ ಜನಕ್ಕೆ ಹಂಚಿದರು; ಗುಳ್ಳೆಯಿರುವ ಅಂಗಗಳನ್ನು ನಾಯಿಗೆ ಹಾಕಬೇಡಿ, ಸುಡಿ ಇಲ್ಲವೆ ಹೂಳಿ ಎಂಬುದೇ ಅದರ ತಿರುಳು. ಓದು ಬಲ್ಲ ಆ ಕುರಿಗಾರರು ಅದನ್ನು ಪಾಲಿಸಿದರು, ಕಾನೂನೂ ಬೆನ್ನಿಗೆ ಬಂತು. ಮುಂದೆ ಆ ದ್ವೀಪದಿಂದ ರೋಗವೇ ಹೋಯಿತು. ಲಾಡಿಹುಳವನ್ನು ಕೊಲ್ಲುವ ಪ್ರಾಜಿಕ್ವಾಂಟೆಲ್ ಮಾತ್ರೆ ಬಂದದ್ದು ನೂರು ವರ್ಷದ ನಂತರ, 1970ರ ದಶಕದಲ್ಲಿ. ನೀಲಗುಂದದ ಸೀಮೆಯ ಹಟ್ಟಿಗಳಿಗೂ ಬೇಕಾದದ್ದು ಇಷ್ಟೇ: ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತಿನ ಮಾತ್ರೆ, ಕುರಿ ಕೊಯ್ದ ಜಾಗದಲ್ಲಿ ಒಂದು ಆಳವಾದ ಗುಂಡಿ. ಮಂದೆಯ ಲಾಭನಷ್ಟದ ದೃಷ್ಟಿಯಿಂದ ನೋಡಿದರೂ ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಗಳಿಕೆ ತರುವ ಕೆಲಸ ಇನ್ನೊಂದಿಲ್ಲ.

ಚರ್ಮದ ರೋಗಗಳಲ್ಲಿ ಹಳ್ಳಿಯ ತಿಳಿವಳಿಕೆ ಹೆಚ್ಚು ಗಟ್ಟಿಯಾಗಿತ್ತು, ಏಕೆಂದರೆ ಕಣ್ಣಿಗೆ ಕಾಣುವ ರೋಗ ಅದು. ಕಜ್ಜಿಗೆ ಹೊಂಗೆ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚುತ್ತಿದ್ದರು. ಗಂಧಕ ಕಜ್ಜಿಯ ನುಸಿಗಳನ್ನು ನಿಜಕ್ಕೂ ಕೊಲ್ಲುತ್ತದೆ. ವೈದ್ಯರೂ ಬಹುಕಾಲ ಅದನ್ನೇ ಬಳಸಿದರು. ಹುಳ ಬಿದ್ದ ಗಾಯಕ್ಕೆ ಬೇವಿನ ಎಣ್ಣೆ, ಕರ್ಪೂರ, ಅರೆದ ಸೀತಾಫಲದ ಎಲೆ. ಸೀತಾಫಲದ ಬೀಜದ ಪುಡಿ ಹೇನು, ಉಣ್ಣಿಗಳಿಗೆ ಮದ್ದಾದರೂ ಕಣ್ಣಿಗೆ ಬಿದ್ದರೆ ಕಣ್ಣೇ ಕೆಡುವಷ್ಟು ಉರಿ. ಉಣ್ಣಿಯನ್ನು ಕೈಯಿಂದ ಕಿತ್ತು ಕೆಂಡಕ್ಕೆ ಹಾಕುವುದು ಸಂಜೆಯ ಕೆಲಸವಾಗಿತ್ತು. ಈ ಕೆಲಸದ ಮಹತ್ವ ಆ ಕಾಲದವರು ತಿಳಿದದ್ದಕ್ಕಿಂತಲೂ ದೊಡ್ಡದು. ನಾಯಿಯ ಕಂದು ಉಣ್ಣಿ ರಕ್ತ ಹೀರುವುದಷ್ಟೇ ಅಲ್ಲ, ಎರ್ಲಿಕಿಯಾ, ಬಬೇಸಿಯಾ ಎಂಬ ರೋಗಾಣುಗಳನ್ನೂ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಜ್ವರ ಬಂದು, ಊಟ ಬಿಟ್ಟು, ಮೂಗಿನಲ್ಲಿ ರಕ್ತ ಸುರಿದು ಸಾಯುವ ನಾಯಿಗೆ ದೃಷ್ಟಿ ತಾಗಿತೆಂದು ಹೇಳುತ್ತಿದ್ದ ಎಷ್ಟೋ ಪ್ರಸಂಗಗಳ ಹಿಂದೆ ಈ ಉಣ್ಣಿಯೇ ಇದ್ದಿರಬೇಕು. ಗೋಡೆಯ ಬಿರುಕು, ಕಲ್ಲುಸಂದಿಗಳಲ್ಲಿ ಮೊಟ್ಟೆ ಇಡುವ ಹುಳ ಅದಾದ್ದರಿಂದ ನಾಯಿಯ ಮೈಗೆ ಔಷಧಿ ಹಾಕಿ ಮಲಗುವ ಜಾಗವನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ. ಬರೆ ಹಾಕುವುದೂ ಹಳೆಯ ಚಿಕಿತ್ಸೆಗಳಲ್ಲಿ ಒಂದು. ಅದರಿಂದ ನೋವಲ್ಲದೆ ಬೇರೇನೂ ಸಿಗಲಿಲ್ಲ.

ಇಲ್ಲಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾಯಿಗೆ ಬೆವರು ಪಾದದ ಮೆತ್ತೆಗಳಲ್ಲಿ ಮಾತ್ರ. ಮೈ ತಣಿಯುವುದು ಏದುಸಿರಿನಿಂದ. ಅದರ ಸಹಜ ಮೈಶಾಖವೇ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೆ ಅಪಾಯ. ಕುರಿಗಾರರು ಮಟಮಟ ಮಧ್ಯಾಹ್ನ ಮಂದೆಯನ್ನು ಬೇವಿನ ಮರದಡಿ ನಿಲ್ಲಿಸುವಾಗ ನಾಯಿಗೂ ನೆರಳು ಸಿಗುತ್ತಿತ್ತು. ತೊಂದರೆ ಶುರುವಾದದ್ದು ನಾಯಿ ತಗಡಿನ ಶೀಟಿನ ಕೆಳಗೆ ಸರಪಳಿಗೆ ಸಿಕ್ಕಿದ ಮೇಲೆ.

ಈ ಎಲ್ಲ ಆರೈಕೆ ಮನೆಯವರ ಕೈಯಲ್ಲಿದ್ದದ್ದು. ಸರ್ಕಾರದ ಕಣ್ಣು ನಾಯಿಯ ಆರೋಗ್ಯದ ಮೇಲೆ ಬಿದ್ದದ್ದು ಒಂದೇ ಕಾರಣಕ್ಕೆ, ಹುಚ್ಚುನಾಯಿ ಕಡಿತದ ಭಯಕ್ಕೆ. ಆಗ ಈ ಸೀಮೆ ಸೇರಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸು ಆಡಳಿತದಲ್ಲಿತ್ತು. ಮದ್ರಾಸಿನ ಪಶುವೈದ್ಯ ಇಲಾಖೆಗೆ ಕೈತುಂಬ ಕೆಲಸ ಕೊಟ್ಟದ್ದು ದನಗಳ ಮಹಾಮಾರಿ ರಿಂಡರ್‌ಪೆಸ್ಟ್. ನಾಯಿಗೆ ಅಲ್ಲಿ ಜಾಗ ಸಣ್ಣದು. ಹುಚ್ಚುನಾಯಿ ಕಡಿದವರಿಗೆ ಹಳ್ಳಿಯಲ್ಲಿ ಗಾಯಕ್ಕೆ ಸುಣ್ಣ, ಖಾರದಪುಡಿ, ಕಾಯಿಸಿದ ಎಣ್ಣೆ, ನಾಟಿ ಬೇರು, ದೇವರ ಹರಕೆ. ಇವಾವುದರಿಂದಲೂ ರೇಬಿಸ್ ನಿಲ್ಲುವುದಿಲ್ಲ. ಲೂಯಿ ಪಾಶ್ಚರ್ 1885ರಲ್ಲಿ ಪ್ಯಾರಿಸಿನಲ್ಲಿ ಮೊದಲ ಲಸಿಕೆ ಕೊಟ್ಟ ಮೇಲೆ ಭಾರತದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿ ಆಯಿತು. ದಕ್ಷಿಣದವರಿಗೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು ಶುರುವಾಯಿತು. ಹರಪನಹಳ್ಳಿಯ ಕಡೆಯಿಂದ ಅಲ್ಲಿಗೆ ಹೋಗುವುದೆಂದರೆ ಗಾಡಿ ಕಟ್ಟಿ ರೈಲು ನಿಲ್ದಾಣ ಸೇರಿ, ಒಂದರ ಮೇಲೊಂದು ರೈಲು ಬದಲಿಸಿ, ಮೇಟ್ಟುಪಾಳ್ಯದಿಂದ ಬೆಟ್ಟದ ರೈಲು ಹತ್ತಬೇಕು. ಬಹುಪಾಲು ಕೂಲಿಕಾರರಿಗೆ ಅದು ಕೈಗೆಟುಕದ ದಾರಿ.

ಡೇವಿಡ್ ಸೆಂಪಲ್ ಎಂಬ ವೈದ್ಯ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಲಸಿಕೆ ಈ ದೂರವನ್ನು ತಗ್ಗಿಸಿತು. ಕಾರ್ಬಾಲಿಕ್ ಆಮ್ಲದಿಂದ ವೈರಸ್ಸನ್ನು ಕೊಂದು ತಯಾರಿಸಿದ ಮದ್ದನ್ನು ಸೀಸೆಯಲ್ಲಿ ತುಂಬಿ ದೂರದೂರಿಗೆ ಕಳಿಸಬಹುದಿತ್ತು. ಹಾಗಾಗಿ ಕ್ರಮೇಣ ಜಿಲ್ಲಾ ಆಸ್ಪತ್ರೆಗಳಲ್ಲೇ ಚಿಕಿತ್ಸೆ ಸಿಗತೊಡಗಿತು. ಆ ಮದ್ದು ತಯಾರಾಗುತ್ತಿದ್ದದ್ದು ಕುರಿಯ ಮಿದುಳಿನಿಂದ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹಳ್ಳಿಗಳಲ್ಲಿ ಈಗಲೂ ಹೇಳುವುದು ಇದನ್ನೇ. ನೋವಿನ ಜೊತೆಗೆ ಕೆಲವರಿಗೆ ಲಕ್ವ ಹೊಡೆಯುವ ಅಪಾಯವೂ ಇತ್ತು. ಮಿದುಳಿನ ಅಂಶಕ್ಕೆ ದೇಹ ತಿರುಗಿಬೀಳುವುದು ಅದಕ್ಕೆ ಕಾರಣ. ಭಾರತದಲ್ಲಿ ಈ ಲಸಿಕೆಯ ಬಳಕೆ ನಿಂತದ್ದು 2004ರ ಕೊನೆಗೆ. ಈಗ ತೋಳಿಗೆ ಕೊಡುವ ಜೀವಕೋಶ ಲಸಿಕೆ ಬಂದು ಇಪ್ಪತ್ತು ವರ್ಷ ದಾಟಿದರೂ ಹೊಕ್ಕುಳದ ಸೂಜಿಯ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದವರು ಉಳಿದಿದ್ದಾರೆ. ಇದು ಬಹಳ ದುಃಖದ ಸಂಗತಿ, ಏಕೆಂದರೆ ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಕಡಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು, ಅದೇ ದಿನ ಲಸಿಕೆ ಶುರುಮಾಡುವುದು, ಆಳದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಪಡೆಯುವುದು: ಇವಿಷ್ಟು ಜೀವ ಉಳಿಸುತ್ತವೆ.

ನಾಯಿಗೇ ಲಸಿಕೆ ಹಾಕಿ ರೋಗವನ್ನು ಮೂಲದಲ್ಲಿ ತಡೆಯುವ ಆಲೋಚನೆ ಜಪಾನಿನದು. ಅಲ್ಲಿ 1920ರ ದಶಕದಲ್ಲಿ ನಾಯಿಗಳಿಗೆ ಸಾಮೂಹಿಕ ಲಸಿಕೆ ಶುರುವಾಯಿತು. ನಮ್ಮಲ್ಲಿ ಬಹುಕಾಲ ನಡೆದದ್ದು ಬೀದಿನಾಯಿಗಳನ್ನು ಕೊಲ್ಲುವ ದಾರಿ. ಅದರಿಂದ ರೋಗ ಹೋಗಲಿಲ್ಲ; ಒಂದು ಬೀದಿ ಖಾಲಿಯಾದರೆ ಪಕ್ಕದ ಬೀದಿಯ ಲಸಿಕೆಯಿಲ್ಲದ ನಾಯಿ ಬಂದು ಸೇರುತ್ತಿತ್ತು. 2001ರ ನಿಯಮಗಳು ಬೀದಿನಾಯಿಗಳಿಗೆ ಸಂತಾನಶಕ್ತಿಹರಣ ಮತ್ತು ಲಸಿಕೆಯನ್ನು ಕಡ್ಡಾಯ ದಾರಿಯಾಗಿಸಿದವು. 2023ರಲ್ಲಿ ಅವು ಹೊಸದಾಗಿ ಬಂದವು. ನಾಯಿಯಿಂದ ಬರುವ ರೇಬಿಸನ್ನು 2030ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆ 2021ರಲ್ಲಿ ಪ್ರಕಟವಾಯಿತು. ಒಂದು ಪ್ರದೇಶದ ನಾಯಿಗಳಲ್ಲಿ ಶೇ. 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲೆಕ್ಕ.

ಬೇಟೆಯ ನಾಯಿಯ ಚರಿತ್ರೆ ಈ ನಡುವೆ ಬೇರೆ ದಿಕ್ಕು ಹಿಡಿಯಿತು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಬೇಡರು ಸಾಕುತ್ತಿದ್ದ ಉದ್ದ ಮೂತಿಯ, ತೆಳು ಸೊಂಟದ ನಾಯಿಗಳನ್ನು ಆರಿಸಿ ತಳಿ ಬೆಳೆಸಿದ. ಇಂಗ್ಲೆಂಡಿನಲ್ಲಿ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಮರಿ ಕೊಟ್ಟ ಮೇಲೆ ಮುಧೋಳ ಹೌಂಡ್ ಎಂಬ ಹೆಸರು ನಿಂತಿತೆಂದು ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತಿತು. ಬೇಟೆಗೆಂದೇ ಇದ್ದ ನಾಯಿ ಕೆಲಸ ಕಳೆದುಕೊಂಡಿತು. ಅದನ್ನು ಉಳಿಸಿದ್ದು ಮುಧೋಳ ಸೀಮೆಯ ಸಾಮಾನ್ಯ ರೈತ, ಕುರಿಗಾರ ಕುಟುಂಬಗಳು. ಮುಂದೆ ಸರ್ಕಾರ ಕೈಜೋಡಿಸಿತು. 2005ರಲ್ಲಿ ಅಂಚೆಚೀಟಿ ಬಂತು, ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಆಯಿತು, ಸೇನೆ ಮೀರತ್‌ನಲ್ಲಿ ಈ ತಳಿಗೆ ತರಬೇತಿ ಕೊಟ್ಟು ನೋಡಿತು. ವಿಮಾನ ನಿಲ್ದಾಣದ ಓಡುದಾರಿಯಿಂದ ಹಕ್ಕಿ ಓಡಿಸಲು ವಾಯುಪಡೆಯೂ ತೆಗೆದುಕೊಂಡಿತು.

ಈ ಖ್ಯಾತಿಯಿಂದ ಮುಧೋಳ ನಾಯಿ ಹೊಸಪೇಟೆ, ಬೆಂಗಳೂರಿನ ಮನೆಗಳನ್ನೂ ಸೇರಿತು. ಅದರ ಆರೈಕೆಯಲ್ಲಿ ಎಡವಟ್ಟಾಗುವುದು ಅಲ್ಲಿಯೇ. ಗಂಡು ನಾಯಿಯ ಎತ್ತರ ಸುಮಾರು 70 ಸೆಂಟಿಮೀಟರ್. ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಪಕ್ಕೆಲುಬು ತುಸು ಕಾಣುವುದು ಈ ತಳಿಗೆ ಆರೋಗ್ಯದ ಗುರುತು, ಹಸಿವಿನದಲ್ಲ. ಹೊಟ್ಟೆ ತುಂಬ ತಿನ್ನಿಸಿ ದಪ್ಪ ಮಾಡಿದರೆ ಕೀಲು, ಹೃದಯ ಎರಡಕ್ಕೂ ಭಾರ. ದಿನಕ್ಕೆ ಒಮ್ಮೆಯಾದರೂ ಸರಪಳಿ ಬಿಚ್ಚಿ, ಬೇಲಿ ಇರುವ ಬಯಲಿನಲ್ಲಿ ಕಾಲು ಚಾಚಿ ಓಡಲು ಬಿಡಬೇಕು. ಬೆಳಗಿನ ಜಾವ ಅಥವಾ ಸಂಜೆ ಅದಕ್ಕೆ ಸರಿಯಾದ ಹೊತ್ತು. ಉಂಡ ಕೂಡಲೇ ಓಡಿಸಬಾರದು. ಚಲಿಸುವುದನ್ನು ಕಣ್ಣಿನಿಂದ ಹಿಡಿದು ಬೆನ್ನಟ್ಟುವ ನಾಯಿ ಇದು. ಹಾಗಾಗಿ ರಸ್ತೆಯಲ್ಲಿ ಹಗ್ಗ ಬಿಡುವುದು ಅಪಾಯ, ಕೋಳಿ, ಬೆಕ್ಕುಗಳ ಜೊತೆ ಮರಿಯಿದ್ದಾಗಿನಿಂದಲೇ ರೂಢಿ ಮಾಡಿಸಬೇಕು. ಗಿಡ್ಡ ಕೂದಲಿಗೆ ವಾರಕ್ಕೊಮ್ಮೆ ಒರಟು ಬಟ್ಟೆಯಿಂದ ಉಜ್ಜಿದರೆ ಸಾಕು, ಪದೇ ಪದೇ ಸೋಪಿನ ಸ್ನಾನ ಚರ್ಮವನ್ನು ಒಣಗಿಸುತ್ತದೆ. ತೆಳು ಚರ್ಮ ಮುಳ್ಳಿಗೆ ಬೇಗ ಸೀಳುತ್ತದೆ. ಒರಟು ನೆಲದಲ್ಲಿ ಮಲಗಿ ಮೊಣಕೈಯಲ್ಲಿ ದಡ್ಡು ಕಟ್ಟುವುದರಿಂದ ಕೆಳಗೆ ಗೋಣಿಯೋ ಹಳೆಯ ಕಂಬಳಿಯೋ ಹಾಸಬೇಕು. ಶಸ್ತ್ರಚಿಕಿತ್ಸೆಗೆ ಒಯ್ದಾಗ ಇದು ಓಟದ ತಳಿಯೆಂದು ವೈದ್ಯರ ಗಮನಕ್ಕೆ ತರುವುದು ಮುಖ್ಯ. ಇಂಥದೇ ಮೈಕಟ್ಟಿನ ಗ್ರೇಹೌಂಡ್‌ಗಳು ಕೆಲವು ಅರಿವಳಿಕೆ ಔಷಧಿಗಳಿಂದ ಬಹಳ ತಡವಾಗಿ ಎಚ್ಚರಗೊಳ್ಳುತ್ತವೆ ಎಂಬುದು ದಾಖಲಾಗಿದೆ.

ಹಟ್ಟಿಯದಿರಲಿ, ಮನೆಯದಿರಲಿ, ಮರಿಗಳನ್ನು ಹೆಚ್ಚಾಗಿ ಕೊಲ್ಲುವುದು ಎರಡು ರೋಗಗಳು. ಡಿಸ್ಟೆಂಪರ್ ಹಳೆಯದು, ಅದರ ಹಿಂದಿರುವುದು ವೈರಸ್ ಎಂದು ಫ್ರಾನ್ಸಿನ ಆನ್ರಿ ಕಾರೆ 1905ರಲ್ಲಿ ತೋರಿಸಿದ. ಮದ್ರಾಸು ಇಲಾಖೆಯನ್ನು ಹೈರಾಣಾಗಿಸಿದ ರಿಂಡರ್‌ಪೆಸ್ಟ್, ಕುರಿಗಳಿಗೆ ಬರುವ ಪಿಪಿಆರ್, ಮಕ್ಕಳ ದಡಾರ, ನಾಯಿಯ ಡಿಸ್ಟೆಂಪರ್ ಇವೆಲ್ಲ ಒಂದೇ ಕುಲದ ವೈರಸ್‌ಗಳು. ಕಣ್ಣು, ಮೂಗು ಸುರಿಯುವುದರಿಂದ ಶುರುವಾಗಿ ಫಿಟ್ಸ್‌ನಲ್ಲಿ ಕೊನೆಗೊಳ್ಳುವುದರಿಂದ ಹಳ್ಳಿಗಳಲ್ಲಿ ಡಿಸ್ಟೆಂಪರನ್ನು ಹುಚ್ಚೆಂದೇ ಬಗೆದು ನಾಯಿಯನ್ನು ಹೊಡೆದು ಕೊಂದದ್ದುಂಟು. ಪಾರ್ವೊ ಹೊಸದು, 1978ರ ಸುಮಾರಿಗೆ ಜಗತ್ತಿನಲ್ಲಿ ಕಾಣಿಸಿಕೊಂಡು, 1980ರ ದಶಕದ ಆರಂಭಕ್ಕೆ ಭಾರತದಲ್ಲಿತ್ತು. ರಕ್ತಭೇದಿ, ವಾಂತಿಯಿಂದ ಮರಿ ಎರಡು ಮೂರು ದಿನದಲ್ಲಿ ಬತ್ತಿ ಹೋಗುತ್ತದೆ. ಸತ್ತ ಮರಿಯ ಜಾಗದಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುವುದರಿಂದ ಅಲ್ಲಿ ಕೂಡಲೇ ಇನ್ನೊಂದು ಮರಿ ತಂದು ಕಟ್ಟಬಾರದು. ಎರಡಕ್ಕೂ ಒಂದೇ ಇಂಜೆಕ್ಷನ್ನಿನಲ್ಲಿ ಲಸಿಕೆ ಸಿಗುತ್ತದೆ: ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಮರಿಗೆ ಹದಿನಾರು ವಾರ ಆಗುವವರೆಗೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಮುಂದೆ ವರ್ಷಕ್ಕೊಮ್ಮೆ. ಎರಡು ವಾರದ ಮರಿಯಿಂದಲೇ ಜಂತಿನ ಔಷಧಿ ಶುರು.

ಹಳ್ಳಿಯ ನಾಯಿಗಳು ಮಳೆಗಾಲದ ಕೊನೆಗೆ ಬೆದೆಗೆ ಬಂದು, ಅರವತ್ತಮೂರು ದಿನದ ಆಸುಪಾಸು ಗರ್ಭ ಹೊತ್ತು, ಹೆಚ್ಚಾಗಿ ಚಳಿಗಾಲದಲ್ಲಿ ಈಯುತ್ತವೆ. ಕುರಿಗಾರರು ಊರು ಬಿಟ್ಟು ತಿರುಗುವ ಕಾಲವೂ ಅದೇ. ಹೀಗಾಗಿ ಹಟ್ಟಿಯ ಮರಿಗಳಿಗೆ ಲಸಿಕೆ ಬೀಳಬೇಕಾದ ತಿಂಗಳುಗಳಲ್ಲಿ ಅವು ಯಾವುದೋ ತಾಲ್ಲೂಕಿನ ಹೊಲದಲ್ಲಿರುತ್ತವೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಶಿಬಿರಗಳು ಹೆಚ್ಚಾಗಿ ಪೇಟೆಯ ನಾಯಿಗಳಿಗೆ ತಲುಪುತ್ತವೆ. ಮುಂಗಾರಿಗೆ ಮುಂಚೆ ಮಂದೆಗಳು ಊರಿಗೆ ಮರಳಿದಾಗ ಪಶುವೈದ್ಯ ಸಿಬ್ಬಂದಿ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಲು ಹಟ್ಟಿಗೆ ಬರುತ್ತಾರೆ. ಅದೇ ದಿನ, ಅದೇ ಐಸ್ ಪೆಟ್ಟಿಗೆಯಲ್ಲಿ ರೇಬಿಸ್ ಲಸಿಕೆಯ ಸೀಸೆಗಳನ್ನೂ ಜಂತಿನ ಮಾತ್ರೆಗಳನ್ನೂ ತಂದರೆ ಕುರಿಗಾರನ ನಾಯಿಗಳು ಬೇರೆ ಖರ್ಚಿಲ್ಲದೆ ಆ ವರ್ಷದ ಲೆಕ್ಕಕ್ಕೆ ಸೇರುತ್ತವೆ.